ಶಿಲರ್ ಕಂಡ ‘ಗ್ಲೊಮೆರುಲಸ್’: ಅಂಡಾಶಯದ ಎರಡು ಕ್ಯಾನ್ಸರುಗಳ ಮೂಲದ ಬಗ್ಗೆ ಒಂದು ತಕರಾರು

ಅಂಡಾಶಯದ ಕ್ಯಾನ್ಸರುಗಳು ಯಾವ ಅಂಗಾಂಶದಿಂದ ಹುಟ್ಟುತ್ತವೆ ಎಂಬ ವಿಚಾರದ ಚರಿತ್ರೆ ಬರೆಯುವವರು ರೋಗಶಾಸ್ತ್ರಜ್ಞ ವಾಲ್ಟರ್ ಶಿಲರ್ ಅವರನ್ನು ಎರಡು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ: 1939ರಲ್ಲಿ ಶಿಲರ್ ಎಡವಿದರು, 1959ರಲ್ಲಿ ಕೋಪನ್‌ಹೇಗನ್ನಿನ ಗುನ್ನಾರ್ ಟೈಲುಮ್ ತಿದ್ದಿದರು. ಪರೀಕ್ಷೆಗೆ ಓದುವ ಸ್ನಾತಕೋತ್ತರ ವಿದ್ಯಾರ್ಥಿಗೆ ಇಷ್ಟು ಸಾಕು. ಆದರೆ ಚರಿತ್ರೆಯೆಂದು ಕರೆಯುವುದಾದರೆ ಈ ಎರಡೂ ವಾಕ್ಯಗಳು ಅರೆಸತ್ಯ.

ಗರ್ಭಕೊರಳಿಗೆ ಅಯೋಡಿನ್ ಬಳಿದು ನೋಡುವ ಪರೀಕ್ಷೆಯ ಶಿಲರ್ ಇವರೇ. ವಿಯೆನ್ನಾದ ತರಬೇತಿಯ ಕಣ್ಣು, ಸುಲಭಕ್ಕೆ ಮೋಸಹೋಗುವಂಥದ್ದಲ್ಲ. ಕೆಲವು ಅಂಡಾಶಯದ ಗಡ್ಡೆಗಳಲ್ಲಿ ಪುಟ್ಟ ಪೊಳ್ಳುಗಳೊಳಕ್ಕೆ ರಕ್ತನಾಳವಿರುವ ಕುಚ್ಚೊಂದು ಚಾಚಿಕೊಂಡಿರುವುದನ್ನು ಅವರು ಕಂಡರು. ಅದು ಭ್ರೂಣದ ತಾತ್ಕಾಲಿಕ ಮೂತ್ರಪಿಂಡವಾದ ಮೆಸೊನೆಫ್ರಾಸಿನ ಗ್ಲೊಮೆರುಲಸ್‌ನಂತಿತ್ತು. ಹೆಣ್ಣು ಭ್ರೂಣದಲ್ಲಿ ಆ ಅಂಗ ಕ್ಷಯಿಸಿದರೂ ಅದರ ಅವಶೇಷಗಳು ಅಂಡಾಶಯದ ಮಗ್ಗುಲಲ್ಲೇ ಉಳಿಯುತ್ತವೆ. ಹೀಗಾಗಿ ಈ ಗಡ್ಡೆಗಳಿಗೆ ಅವರು ‘ಮೆಸೊನೆಫ್ರೋಮಾ’ ಎಂದು ಹೆಸರಿಟ್ಟರು. ಇದರಲ್ಲಿ ಹಾಸ್ಯಾಸ್ಪದವಾದದ್ದೇನೂ ಇಲ್ಲ.

ವಿವಾದವೆಲ್ಲ ಆ ಕುಚ್ಚಿನದು. ಅದನ್ನು ಸಾವಕಾಶವಾಗಿ ನೋಡಬೇಕು. ನಿಜವಾದ ಗ್ಲೊಮೆರುಲಸ್‌ನಲ್ಲಿ ಲೋಮನಾಳಗಳ ಹಲವು ಸುರುಳಿಗಳು ಗಂಟಾಗಿರುತ್ತವೆ. ಒಳಬರುವ ನಾಳ, ಹೊರಹೋಗುವ ನಾಳ ಎರಡೂ ಇರುತ್ತವೆ. ಶಿಲರ್ ಕಂಡ ರಚನೆಯಲ್ಲಾದರೋ ನಡುವೆ ಸಾಮಾನ್ಯವಾಗಿ ಒಂದೇ ರಕ್ತನಾಳ. ಅದರ ಸುತ್ತ ಸಡಿಲ ಅಂಗಾಂಶದ ಕವಚ. ಅದರ ಮೇಲೆ ಘನಾಕೃತಿಯ ಇಲ್ಲವೇ ಕಂಬಾಕೃತಿಯ ಗಡ್ಡೆಕೋಶಗಳ ಹೊದಿಕೆ. ಅಡ್ಡ ಕತ್ತರಿಸಿದ ಸ್ಲೈಡಿನಲ್ಲಿ ಇದು ಗ್ಲೊಮೆರುಲಸ್ಸೆಂದು ಭ್ರಮೆ ಹುಟ್ಟಿಸುತ್ತದೆ, ಉದ್ದಕ್ಕೆ ಕತ್ತರಿಸಿದರೆ ಆ ಭ್ರಮೆ ಬಹುಮಟ್ಟಿಗೆ ಹರಿಯುತ್ತದೆ. ಇಂಥದೇ ವಿನ್ಯಾಸವನ್ನು ಟೈಲುಮ್ ಇಲಿಯ ಮಾಸಿನಲ್ಲಿ, ಫ್ರಾನ್ಸಿನ ಮಥಿಯಾಸ್ ದ್ಯುವಾಲ್ ಹತ್ತೊಂಬತ್ತನೇ ಶತಮಾನದಲ್ಲೇ ವರ್ಣಿಸಿದ್ದ, ಯೋಕ್ ಸ್ಯಾಕಿಗೆ (ಭ್ರೂಣದ ಹಳದಿ ಚೀಲಕ್ಕೆ) ಸೇರಿದ ಎಂಡೊಡರ್ಮಲ್ ಸೈನಸ್‌ಗಳಲ್ಲಿ ಗುರುತಿಸಿದರು. ಗಡ್ಡೆಯ ಮೂಲ ಮೂತ್ರಪಿಂಡವಲ್ಲ, ಜರ್ಮ್ ಸೆಲ್ (ಅಂಡಾಣು, ವೀರ್ಯಾಣುಗಳ ಮೂಲಕೋಶ). ಅದು ಬೆಳೆಯುವ ದಾರಿ ಯೋಕ್ ಸ್ಯಾಕಿನದು ಎಂದರು.

ಇಲ್ಲಿ ನನ್ನದೊಂದು ತಕರಾರು. ಟೈಲುಮ್ ಬಳಸಿದ್ದೂ ಹೋಲಿಕೆಯ ವಾದವನ್ನೇ. ಒಬ್ಬರ ಹೋಲಿಕೆ ಭ್ರಮೆ, ಇನ್ನೊಬ್ಬರದು ದರ್ಶನ ಎನ್ನುವುದಾದರೆ ಅದಕ್ಕೆ ಕಾರಣ ಕೊಡಬೇಕು. ‘ಇದೇ ಗಡ್ಡೆ ವೃಷಣದಲ್ಲೂ ಕಾಣುತ್ತದೆ, ಆದ್ದರಿಂದ ಮೆಸೊನೆಫ್ರಾಸ್ ಅಲ್ಲ’ ಎಂದು ಕೆಲವರು ಹೇಳುವುದುಂಟು. ಇದು ಭ್ರೂಣಶಾಸ್ತ್ರವನ್ನು ಮರೆತವರ ಮಾತು. ಮೆಸೊನೆಫ್ರಾಸಿನ ನಾಳದಿಂದಲೇ ಗಂಡಿನ ಎಪಿಡಿಡಿಮಿಸ್ ಆಗುತ್ತದೆ, ಅದು ವೃಷಣಕ್ಕೆ ಅಂಟಿಕೊಂಡೇ ಇರುತ್ತದೆ. ಬರೀ ವೃಷಣದ ಸಾಕ್ಷ್ಯದಿಂದ ಶಿಲರ್ ಸೋಲುವುದಿಲ್ಲ. ಅವರನ್ನು ಸೋಲಿಸುವುದು ಬೇರೆ ಸಂಗತಿಗಳು: ಈ ಗಡ್ಡೆ ಎದೆಗೂಡಿನ ನಡುವೆಯೂ, ಮಕ್ಕಳ ಬಾಲಮೂಳೆಯ ಬಳಿಯೂ ಹುಟ್ಟುತ್ತದೆ, ಒಂದೇ ಗಡ್ಡೆಯೊಳಗೆ ಜರ್ಮ್ ಸೆಲ್ ಮೂಲದ ಡಿಸ್‌ಜರ್ಮಿನೋಮಾ, ಟೆರಟೋಮಾಗಳ ಜೊತೆ ಬೆರೆತಿರುತ್ತದೆ. ಆಮೇಲೆ, 1970ರಲ್ಲಿ ಗಿಟ್ಲಿನ್ ಮತ್ತು ಪೆರಿಚೆಲ್ಲಿ ಮನುಷ್ಯನ ಯೋಕ್ ಸ್ಯಾಕ್ ಆಲ್ಫಾ ಫೀಟೊಪ್ರೋಟೀನ್ ತಯಾರಿಸುತ್ತದೆ ಎಂದು ತೋರಿಸಿದರು. ಅದೇ ಪ್ರೋಟೀನು ಈ ರೋಗಿಗಳ ರಕ್ತದಲ್ಲಿ ಏರುತ್ತದೆ. ಹೋಲಿಕೆಗೆ ರಸಾಯನಶಾಸ್ತ್ರದ ಜಾಮೀನು ಸಿಕ್ಕಿದ್ದು ಆಗ, 1959ರಲ್ಲಲ್ಲ.

‘1959ರಲ್ಲಿ ತಿದ್ದಿದರು’ ಎಂಬುದರ ಇನ್ನೊಂದು ದೋಷ: ಟೈಲುಮ್ 1946ರಲ್ಲೇ ಶಿಲರ್ ವಾದವನ್ನು ಒಡೆದಿದ್ದರು. ಅದಕ್ಕೂ ಎರಡು ವರ್ಷ ಮೊದಲು ಸಫೀರ್ ಮತ್ತು ಲ್ಯಾಕ್ನರ್ ಕ್ಲಿಯರ್ ಸೆಲ್ ಕ್ಯಾನ್ಸರನ್ನು ಬೇರೆಯಾಗಿ ವರ್ಣಿಸಿದ್ದರು. ಅವರಿಬ್ಬರ ಆ ಲೇಖನವನ್ನು ಉಲ್ಲೇಖಿಸುವವರು ಈಗ ಕಡಿಮೆ, ಆದರೆ ಅದು ಮುಖ್ಯ. ಯಾಕೆಂದರೆ ಶಿಲರ್ ಅವರ ನಿಜವಾದ ತಪ್ಪು ಹೆಸರಿನಲ್ಲಿರಲಿಲ್ಲ, ಎರಡು ರೋಗಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದರಲ್ಲಿತ್ತು. ಟೈಲುಮ್ ಅದರಲ್ಲಿ ಯೋಕ್ ಸ್ಯಾಕ್ ಗಡ್ಡೆಯನ್ನು ಬಿಡಿಸಿಕೊಟ್ಟರು, ನಿಜ. ಉಳಿದರ್ಧ, ಅಂದರೆ ಕ್ಲಿಯರ್ ಸೆಲ್ ಕಾರ್ಸಿನೋಮಾ, ಮೆಸೊನೆಫ್ರಾಸಿನ ಹೆಸರು ಹೊತ್ತೇ ತಿರುಗುತ್ತಿತ್ತು. ಅದು ಮ್ಯುಲರಿಯನ್ (ಗರ್ಭಾಶಯ, ಫೆಲೋಪಿಯನ್ ನಾಳಗಳಾಗುವ ಭ್ರೂಣನಾಳದ) ಮೂಲದ್ದು, ಎಂಡೊಮೆಟ್ರಿಯಾಯ್ಡ್ ಕ್ಯಾನ್ಸರಿನ ನಂಟಿನದು ಎಂದು ಸ್ಕಲ್ಲಿ ಮತ್ತು ಬಾರ್ಲೊ ವಾದಿಸಿದ್ದು 1967ರಲ್ಲಿ. ಅಷ್ಟಾದರೂ ವಿಶ್ವ ಆರೋಗ್ಯ ಸಂಸ್ಥೆಯ 1973ರ ವರ್ಗೀಕರಣ ‘ಮೆಸೊನೆಫ್ರಾಯ್ಡ್’ ಎಂಬುದನ್ನು ಆವರಣ ಚಿಹ್ನೆಯೊಳಗೆ ಉಳಿಸಿಕೊಂಡಿತು. ಆ ವರ್ಗೀಕರಣದ ಸಂಪಾದಕರಲ್ಲಿ ಸ್ಕಲ್ಲಿಯೂ ಒಬ್ಬರು! (ಸ್ಕಲ್ಲಿ ಬಗ್ಗೆ ನನಗೆ ಅಪಾರ ಗೌರವ, ಆದರೂ ಈ ರಾಜಿಯನ್ನು ಒಪ್ಪಲಾರೆ.)

ಇದು ಬರೀ ಪಂಡಿತರ ಜಗಳವಲ್ಲ. ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಲ್ಲಿ ಶುರುವಾದಾಗ ಶಿಲರ್ ವಾದಕ್ಕೆ 14 ವರ್ಷ; ಟೈಲುಮ್ ಅವರ ಪ್ರಸಿದ್ಧ ಲೇಖನ ಇನ್ನೂ ಬಂದಿರಲಿಲ್ಲ. ಕಾಪುವಿನ ಹದಿನೆಂಟರ ಹುಡುಗಿಯ ಗಡ್ಡೆ, ಕಾರ್ಕಳದ ಐವತ್ತೈದರ ಮಹಿಳೆಯ ಗಡ್ಡೆ ಆಗಿನ ಕಾಲಕ್ಕೆ ಒಂದೇ ಶೀರ್ಷಿಕೆಯಡಿ ದಾಖಲಾಗಬಹುದಿತ್ತು ಎಂದು ಊಹಿಸಿಕೊಳ್ಳಿ. ಮೊದಲನೆಯದು ಯೋಕ್ ಸ್ಯಾಕ್ ಗಡ್ಡೆ. ಕರ್ಮನ್ ಮತ್ತು ನಾರಿಸ್ 1976ರಲ್ಲಿ ಪ್ರಕಟಿಸಿದ 71 ರೋಗಿಗಳ ಅಧ್ಯಯನದಲ್ಲಿ ಮಧ್ಯಮಾಂಕ ವಯಸ್ಸು 19. ಆಗ ಮಾರಕವಾಗಿದ್ದ ಈ ರೋಗ ಸಿಸ್‌ಪ್ಲಾಟಿನ್ ಬಂದ ಮೇಲೆ ಬಹುತೇಕ ಗುಣವಾಗುವಂತಾಯಿತು; ಒಂದೇ ಅಂಡಾಶಯ ತೆಗೆದು, ಆಲ್ಫಾ ಫೀಟೊಪ್ರೋಟೀನ್ ಅಳೆಯುತ್ತ, ಮುಂದೆ ಮಕ್ಕಳಾಗುವ ದಾರಿಯನ್ನೂ ಉಳಿಸಬಹುದು. ಎರಡನೆಯದು ಕ್ಲಿಯರ್ ಸೆಲ್. ರೋಗ ಮುಂದುವರಿದಿದ್ದರೆ ಅದೇ ಪ್ಲಾಟಿನಂ ಔಷಧಿಗೆ ಅಷ್ಟಾಗಿ ಮಣಿಯದು.

ಹೋಲಿಕೆಯನ್ನು ಬಿಟ್ಟು ವಂಶಾವಳಿಯ ಸಾಕ್ಷ್ಯ ಸಿಕ್ಕಿದ್ದು ತೀರಾ ಈಚೆಗೆ. 2010ರಲ್ಲಿ ವೀಗಂಡ್ ಮತ್ತು ಸಂಗಡಿಗರು 119 ಕ್ಲಿಯರ್ ಸೆಲ್ ಕ್ಯಾನ್ಸರುಗಳ ಪೈಕಿ 55ರಲ್ಲಿ ಎಆರ್‌ಐಡಿ1ಎ ಜೀನಿನ ಮ್ಯುಟೇಶನ್ ಕಂಡರು. ಇಬ್ಬರಲ್ಲಿ ಅದೇ ಮ್ಯುಟೇಶನ್ ಕ್ಯಾನ್ಸರಿಗೆ ತಾಗಿಕೊಂಡಿದ್ದ ಅಸಹಜ ಎಂಡೊಮೆಟ್ರಿಯೋಸಿಸ್‌ನಲ್ಲೂ (ಗರ್ಭಾಶಯದ ಹೊರಗೆ ಬೆಳೆದ, ಅದರ ಒಳಪದರದಂಥ ಅಂಗಾಂಶದಲ್ಲೂ) ಇತ್ತು, ದೂರದ ಎಂಡೊಮೆಟ್ರಿಯೋಸಿಸ್‌ನಲ್ಲಿ ಇರಲಿಲ್ಲ. ಇಬ್ಬರೇ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಮುಖ್ಯವಾದದ್ದು ಸಂಖ್ಯೆಯಲ್ಲ, ದಿಕ್ಕು: ಇನ್ನೂ ಕ್ಯಾನ್ಸರಾಗದ ಅಂಗಾಂಶದಲ್ಲಿ ಮೊದಲು, ಕ್ಯಾನ್ಸರಿನಲ್ಲಿ ಆಮೇಲೆ. ಈಗ ಅಂಡಾಶಯದ ಸೀರಸ್ ಕ್ಯಾನ್ಸರುಗಳೆಲ್ಲ ಫೆಲೋಪಿಯನ್ ನಾಳದಿಂದಲೇ ಬಂದವು ಎಂದು ಉತ್ಸಾಹದಿಂದ ಹೇಳುವ ಕಿರಿಯ ಮಿತ್ರರಿಗೂ ನಾನು ಕೇಳುವುದು ಈ ದಿಕ್ಕನ್ನೇ. ನಾಳದ ಅಸಹಜ ತಾಣದಲ್ಲೂ ಅಂಡಾಶಯದ ಗಡ್ಡೆಯಲ್ಲೂ ಒಂದೇ ಟಿಪಿ53 ಮ್ಯುಟೇಶನ್ ಇದೆಯೆಂದರೆ ಎರಡೂ ಒಂದೇ ರೋಗ ಎಂದಷ್ಟೇ ಸಿದ್ಧವಾಗುತ್ತದೆ. ನಾಳದಿಂದ ಅಂಡಾಶಯಕ್ಕೆ ಬಂತೋ, ಅಂಡಾಶಯದಿಂದ ನಾಳಕ್ಕೆ ಹೋಯಿತೋ ಎಂಬುದನ್ನು ಒಂದೊಂದು ಪ್ರಕರಣದಲ್ಲೂ ಬೇರೆಯಾಗಿಯೇ ತೋರಿಸಿಕೊಡಬೇಕು.