ಹಣ್ಣೂ ನೇರಳೆ, ಬಣ್ಣವೂ ನೇರಳೆ

2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಮೆಟ್ರೊ ಬಂದಾಗ ಅದರ ಮೊದಲ ದಾರಿಗೆ ಸಿಕ್ಕಿದ್ದು ಕಾಡುಮರವೊಂದರ ಹೆಸರು: ನೇರಳೆ ಮಾರ್ಗ. ಅದಕ್ಕೂ ಎಷ್ಟೋ ಮೊದಲೇ ಶಾಲೆಯ ವಿಜ್ಞಾನದ ಪಾಠ ಕಣ್ಣಿಗೆ ಕಾಣದ ಕಿರಣವನ್ನು ‘ನೇರಳಾತೀತ’ ಎಂದು ಕರೆದಿತ್ತು. ಅಚ್ಚಗನ್ನಡದ ನೇರಳೆಗೆ ಸಂಸ್ಕೃತದ ಅತೀತ ಎಷ್ಟು ಸಲೀಸಾಗಿ ಅಂಟಿಕೊಂಡಿದೆ ನೋಡಿ. ಈ ಬಣ್ಣಕ್ಕೆ ಊದಾ ಅಂತಲೂ ಹೇಳುತ್ತೇವೆ. ಆದರೆ ಊದಾ ಎಂದರೆ ಬಾಯಲ್ಲಿ ನೀರೂರುವುದಿಲ್ಲ.

ನಮ್ಮಲ್ಲಿ ಈ ಹೆಸರು ಬೇರೆ ಗಿಡಗಳಿಗೂ ಹಬ್ಬಿದೆ. ರೇಷ್ಮೆ ಹುಳು ಮೇಯುವ ಹಿಪ್ಪುನೇರಳೆ ನೇರಳೆಯ ಕುಲದ್ದೇ ಅಲ್ಲ. ತಿಳಿ ಹಳದಿ ಬಣ್ಣದ, ಗುಲಾಬಿ ಘಮದ ಪನ್ನೇರಳೆ ನೋಡಲು ಹಾಗಿಲ್ಲದಿದ್ದರೂ ಹತ್ತಿರದ ನೆಂಟ. ಹೊಸೂರು ರಸ್ತೆಯಲ್ಲಿ ನೇರಳೂರು, ದಕ್ಷಿಣ ಕನ್ನಡದಲ್ಲಿ ನೇರಳಕಟ್ಟೆ ಇವೆ. ಸಂಸ್ಕೃತದವರು ನೇರಳೆಯನ್ನು ಜಂಬೂ ಎಂದರು, ಭೂಭಾಗವನ್ನೇ ಜಂಬೂದ್ವೀಪ ಎಂದರು. ಆನೆಗಾತ್ರದ ಹಣ್ಣು ಬಿದ್ದು ಒಡೆದು ರಸದ ನದಿ ಹರಿಯಿತು ಎನ್ನುತ್ತವೆ ಪುರಾಣಗಳು. ಚಿನ್ನಕ್ಕೆ ಜಾಂಬೂನದ ಎಂಬ ಹೆಸರು ಬಂದದ್ದೂ ಆ ನದಿಯಿಂದಲೇ.

ಹಣ್ಣಿನ ವಿಷಯಕ್ಕೆ ಬರೋಣ. ನೂರು ಗ್ರಾಂ ನೇರಳೆಯಲ್ಲಿ ಸುಮಾರು 60 ಕ್ಯಾಲೊರಿ, 14 ಮಿಲಿಗ್ರಾಂನಷ್ಟು ಸಿ ಜೀವಸತ್ವ. ಉಳಿದದ್ದು ಬಹುಪಾಲು ನೀರು. ಸಿ ಜೀವಸತ್ವವೇ ಬೇಕೆಂದರೆ ಸೀಬೆಕಾಯಿ ತಿನ್ನಬಹುದು, ಅದರಲ್ಲಿ ಹಲವು ಪಟ್ಟು ಹೆಚ್ಚಿದೆ. ನೇರಳೆಯ ಹೆಚ್ಚುಗಾರಿಕೆ ಇರುವುದು ಬಣ್ಣದಲ್ಲಿ. ಸಿಪ್ಪೆಗೂ ತಿರುಳಿಗೂ ಆ ಕಡುಬಣ್ಣ ಕೊಡುವುದು ಆಂಥೋಸಯಾನಿನ್ ಎಂಬ ವಸ್ತುಗಳು. ಬಿಳಿ ಅಂಗಿಯ ಮೇಲೆ ಒಂದು ಹಣ್ಣು ಹಿಚುಕಿ ನೋಡಿ. ಕಲೆಗೆ ನಿಂಬೆರಸ ತಾಗಿಸಿದರೆ ಕೆಂಪಾಗುತ್ತದೆ, ಬಟ್ಟೆ ಸೋಪು ಉಜ್ಜಿದರೆ ನೀಲಿಗೆ ತಿರುಗುತ್ತದೆ. ಹುಳಿ ಕಂಡರೆ ಒಂದು ಬಣ್ಣ, ಕ್ಷಾರ ಕಂಡರೆ ಇನ್ನೊಂದು. ಉತ್ಕರ್ಷಣವನ್ನು ತಡೆಯುವ ಗುಣ ಈ ಆಂಥೋಸಯಾನಿನ್‌ಗಳಿಗಿದೆ ಎಂದು ಪ್ರಯೋಗಾಲಯಗಳು ತೋರಿಸಿವೆ. ನಾಲಿಗೆಯನ್ನು ಬಿಗಿಯಾಗಿಸುವ ಆ ಒಗರು ಟ್ಯಾನಿನ್‌ನದು. ಉಪ್ಪು ಹಾಕಿ ಕುಲುಕಿದರೆ ಒಗರು ಸ್ವಲ್ಪ ಮೆತ್ತಗಾಗುತ್ತದೆ.

ಹೊಟ್ಟೆಗೆ ಹೋದ ಕೂದಲನ್ನು ನೇರಳೆ ಕರಗಿಸುತ್ತದೆ ಎಂದು ಅಜ್ಜಿಯರು ಹೇಳುತ್ತಿದ್ದರು. ಕೂದಲು ಕರಗುವುದಿಲ್ಲ. ಆದರೂ ಆ ಮಾತಿನ ನೆಪದಲ್ಲಿ ಮಕ್ಕಳು ವರ್ಷಕ್ಕೊಮ್ಮೆಯಾದರೂ ಹೊಟ್ಟೆತುಂಬ ನೇರಳೆ ತಿಂದರು, ಅದು ಒಳ್ಳೆಯದೇ ಆಯಿತು.

ಈಗ ನನ್ನನ್ನು ಕಾಡುವುದು ಬೇರೆ ಮಾತು. ಪೇಟೆಯಲ್ಲಿ ನೇರಳೆ ಎಂದರೆ ‘ಶುಗರ್‌ಗೆ ಒಳ್ಳೇದು’ ಎಂದಷ್ಟೇ ಆಗಿಬಿಟ್ಟಿದೆ. ಬೀಜದ ಪುಡಿಯನ್ನು ಮಧುಮೇಹಕ್ಕೆ ಕೊಡುವುದು ಆಯುರ್ವೇದದ ಹಳೆಯ ರೂಢಿ, ಅದಕ್ಕೆ ಗೌರವವಿದೆ. ಆದರೆ ಸಕ್ಕರೆ ಇಳಿಯಿತು ಎನ್ನುವ ವರದಿಗಳಲ್ಲಿ ಹೆಚ್ಚಿನವು ಇಲಿಗಳ ಮೇಲಿನವು. ಬ್ರೆಜಿಲ್‌ನಲ್ಲಿ ನೇರಳೆ ಎಲೆಯ ಚಹಾವನ್ನು ಮನುಷ್ಯರಿಗೆ ಕೊಟ್ಟು ನೋಡಿದಾಗ ಸಕ್ಕರೆ ಇಳಿಯಲಿಲ್ಲ. ಪುಡಿ ನೆಚ್ಚಿಕೊಂಡು ವೈದ್ಯರು ಕೊಟ್ಟ ಮಾತ್ರೆ ಬಿಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಪುಡಿಯೂ ಮಾತ್ರೆಯೂ ಒಟ್ಟಿಗೆ ಕೆಲಸ ಮಾಡಿ ಸಕ್ಕರೆ ತೀರಾ ಕುಸಿಯುವ ಅಪಾಯವೂ ಇಲ್ಲದಿಲ್ಲ, ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು. ಮೇಲಾಗಿ ಯಾವ ಬಣ್ಣಕ್ಕಾಗಿ ಹಣ್ಣನ್ನು ಮೆಚ್ಚಬೇಕೋ ಅದು ಇರುವುದು ಸಿಪ್ಪೆ ತಿರುಳುಗಳಲ್ಲಿ. ಡಬ್ಬಿಯಲ್ಲಿ ಬರುವ ಬೀಜದ ಪುಡಿ ಬೂದುಕಂದು.

ಮುಂಗಾರಿನ ಹೊತ್ತಿಗೆ ಹಣ್ಣು ಸಿಗುತ್ತದೆ, ಹಣ್ಣನ್ನೇ ತಿನ್ನಿ. ಬೀಜವನ್ನು ಒಣಗಿಸಿಡಬೇಡಿ, ಕೆಲವೇ ವಾರಗಳಲ್ಲಿ ಅದು ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಸಿಯಾಗಿರುವಾಗಲೇ ಒದ್ದೆ ಮಣ್ಣಿಗೆ ಒತ್ತಿದರೆ ಒಂದೇ ಬೀಜದಿಂದ ಎರಡು ಮೂರು ಸಸಿ ಏಳುವುದೂ ಉಂಟು.