ಹುಡುಗ, ಕೋತಿ, ದೂರವಾದ ಅಮ್ಮ: ಹೆಸರು ಮರೆತ ಹಳೆಯ ಅನಿಮೆಯನ್ನು ಪತ್ತೆ ಹಚ್ಚುವುದು ಹೇಗೆ?

ಚಿಕ್ಕಂದಿನಲ್ಲಿ ನೋಡಿದ ಕಾರ್ಟೂನ್ ಧಾರಾವಾಹಿ. ಹೆಸರು ಮರೆತಿದೆ, ಕಥೆಯೂ ಪೂರ್ತಿ ನೆನಪಿಲ್ಲ. ಒಬ್ಬ ಹುಡುಗ, ಅವನ ಜೊತೆ ಒಂದು ಕೋತಿ, ಎಲ್ಲೋ ದೂರದಲ್ಲಿರುವ ಅಮ್ಮ, ಇಷ್ಟೇ ಕಣ್ಣ ಮುಂದೆ ಬರುತ್ತದೆ. ಆದರೆ ಶುರುವಿನ ಹಾಡಿನ ಧಾಟಿ ಮಾತ್ರ ಇವತ್ತಿಗೂ ಬಾಯಲ್ಲಿದೆ. ಇಂಥ ಅರೆಬರೆ ನೆನಪಿಟ್ಟುಕೊಂಡು ಹುಡುಕಾಟಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಆ ಹಾಡಿನ ಬೆನ್ನು ಹತ್ತುತ್ತಾರೆ. ದಾರಿ ತಪ್ಪುವುದೂ ಅಲ್ಲೇ.

ಕಾರಣ ಇಷ್ಟೆ. ಜಪಾನಿನಲ್ಲಿ ತಯಾರಾದ ಆನಿಮೇಷನ್ ಧಾರಾವಾಹಿ ಬೇರೆ ದೇಶಕ್ಕೆ ಹೋದಾಗ ಅದರ ಹಾಡು, ಪಾತ್ರಗಳ ಹೆಸರು, ದನಿ ಮೂರೂ ಬದಲಾಗುವುದುಂಟು. ಬದಲಾಗದೆ ಉಳಿಯುವುದು ಚಿತ್ರಗಳು, ಬಹುಮಟ್ಟಿಗೆ ಕಥೆ. ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದು ಮೊದಲ ಮೂರು. ಪತ್ತೆ ಕೆಲಸಕ್ಕೆ ಬೇಕಾಗುವುದು ಉಳಿದೆರಡು.

ಮೋಗ್ಲಿ ಬಂದಿದ್ದು ಜಪಾನಿನಿಂದ

ಭಾರತದಲ್ಲಿ ಇದಕ್ಕೆ 'ದಿ ಜಂಗಲ್ ಬುಕ್'ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬರುತ್ತಿದ್ದ ಆ ಧಾರಾವಾಹಿಯನ್ನು ನೋಡಿದವರು ಬೆಂಗಳೂರಿನಲ್ಲೂ ಇದ್ದಾರೆ, ಮುಂಬೈ, ಪುಣೆ, ದೆಹಲಿಯ ಕನ್ನಡದ ಮನೆಗಳಲ್ಲೂ ಇದ್ದಾರೆ. ಮನೆಮಾತು ಯಾವುದೇ ಇರಲಿ, ಮೋಗ್ಲಿ ಮಾತಾಡಿದ್ದು ಹಿಂದಿಯಲ್ಲಿ. ಶೀರ್ಷಿಕೆ ಗೀತೆ ಬರೆದವರು ಗುಲ್ಜಾರ್, ಸಂಗೀತ ವಿಶಾಲ್ ಭಾರದ್ವಾಜ್ ಅವರದ್ದು. ಶೇರ್ ಖಾನ್‌ಗೆ ದನಿ ಕೊಟ್ಟವರು ನಾನಾ ಪಾಟೇಕರ್.

ಇದನ್ನು ಡಿಸ್ನಿಯದು ಎಂದೇ ನಂಬಿಕೊಂಡವರು ಬಹಳ ಮಂದಿ. ಅಂಥವರು ಡಿಸ್ನಿಯ 1967ರ ಸಿನಿಮಾ ಹಾಕಿ ನೋಡಿದರೆ ಯಾವುದೂ ಹೊಂದುವುದಿಲ್ಲ. ಹಾಡು ಬೇರೆ, ಕಾಡು ಬೇರೆ, ಮೋಗ್ಲಿಯ ಕೈಯಲ್ಲಿ ಬೂಮರಾಂಗ್ ಇಲ್ಲ. ದೂರದರ್ಶನದ ಮೋಗ್ಲಿಯನ್ನು ಬರೆದದ್ದು ಜಪಾನಿನ ನಿಪ್ಪಾನ್ ಆನಿಮೇಷನ್ ಸಂಸ್ಥೆ. 52 ಕಂತುಗಳ ಈ ಧಾರಾವಾಹಿ ಟಿವಿ ಟೋಕಿಯೊದಲ್ಲಿ 1989ರ ಅಕ್ಟೋಬರ್‌ನಿಂದ ಒಂದು ವರ್ಷ ಪ್ರಸಾರವಾಯಿತು. ಅಲ್ಲಿ ಅದರ ಹೆಸರು 'ಜಂಗಲ್ ಬುಕ್ ಶೋನೆನ್ ಮೋಗುರಿ'. ಶೋನೆನ್ ಎಂದರೆ ಹುಡುಗ. ಗುಲ್ಜಾರ್ ಹಾಡು ಭಾರತದ ಆವೃತ್ತಿಗೆಂದೇ ಆದದ್ದು, ಮೂಲ ಜಪಾನಿ ಕಂತುಗಳಲ್ಲಿ ಅದನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹಾಡಿನ ಮೇಲೆ ಪ್ರೀತಿ ಇರುವವರಿಗೆ ಬೇಸರದ ಸಂಗತಿ, ಆದರೆ ನಿಜ.

ಯುಗೊ ಸಾಕೊ ಮತ್ತು ರಾಮ್ ಮೋಹನ್ ಅವರ ಭಾರತ-ಜಪಾನ್ ಸಿನಿಮಾ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಕೂಡ ತೊಂಬತ್ತರ ದಶಕದ್ದೇ. ಟಿವಿಯಲ್ಲಿ ನೋಡಿದ ಎಷ್ಟೋ ಮಕ್ಕಳಿಗೆ ಅದು ಬರೀ 'ಕಾರ್ಟೂನ್ ರಾಮಾಯಣ'. 2025ರ ಜನವರಿಯಲ್ಲಿ ಅದು ದೇಶದ ಚಿತ್ರಮಂದಿರಗಳಿಗೆ ಬಂದಾಗ ಹಲವರಿಗೆ ಅದರ ಪೂರ್ತಿ ಹೆಸರು ಮೊದಲ ಸಲ ಗೊತ್ತಾಯಿತು.

ಒಂದೇ ನೆನಪು, ಎರಡು ಧಾರಾವಾಹಿ

ಈಗ ಆ ಹುಡುಗ ಮತ್ತು ಕೋತಿಯ ವಿಷಯಕ್ಕೆ ಬರೋಣ. ಎಪ್ಪತ್ತರ ದಶಕದ ಅನಿಮೆಗಳಲ್ಲಿ ಈ ವರ್ಣನೆಗೆ ಹೊಂದುವುದು ಒಂದಲ್ಲ, ಎರಡು.

ಮೊದಲನೆಯದು 1976ರ 'ಅಮ್ಮನನ್ನು ಹುಡುಕುತ್ತ ಮೂರು ಸಾವಿರ ಹರದಾರಿ' ಎಂಬ ಅರ್ಥದ ಹೆಸರಿನ ಧಾರಾವಾಹಿ. ಹಲವು ದೇಶಗಳಲ್ಲಿ ಇದು 'ಮಾರ್ಕೊ' ಎಂದೇ ಪ್ರಸಿದ್ಧ. ನಿರ್ದೇಶಕ ಇಸಾವೊ ತಕಹಾತ. ಇಟಲಿಯ ಜಿನೋವಾ ಊರಿನ ಹುಡುಗ ಮಾರ್ಕೊ, ದುಡಿಯಲು ಅರ್ಜೆಂಟೀನಾಕ್ಕೆ ಹೋದ ತಾಯಿಯನ್ನು ಹುಡುಕಿಕೊಂಡು ಹಡಗು ಹತ್ತುತ್ತಾನೆ. ಅವನ ಜೊತೆಗಿರುವುದು ಅಮೆದಿಯೊ ಎಂಬ ಪುಟ್ಟ ಬಿಳಿ ಕೋತಿ.

ಎರಡನೆಯದು ಅದರ ಮರುವರ್ಷವೇ, 1977ರಲ್ಲಿ ಬಂದ 'ರೆಮಿ'. ನಿರ್ದೇಶಕ ಒಸಾಮು ದೆಜಾಕಿ. ಫ್ರಾನ್ಸಿನ ಹಳ್ಳಿಯೊಂದರಲ್ಲಿ ಸಾಕುತಾಯಿಯ ಬಳಿ ಬೆಳೆದ ರೆಮಿಯನ್ನು ಸಾಕುತಂದೆ ವಿತಾಲಿಸ್ ಎಂಬ ಮುದುಕನಿಗೆ ಮಾರಿಬಿಡುತ್ತಾನೆ. ಊರೂರು ಅಲೆದು ಆಟ ತೋರಿಸುವ ಆ ಮುದುಕನ ತಂಡದಲ್ಲಿ ಮೂರು ನಾಯಿಗಳು, ಒಂದು ಕೋತಿ.

ಹುಡುಗ, ಕೋತಿ, ಅಮ್ಮ ಎಂಬ ಮೂರು ಸುಳಿವುಗಳಿಂದ ಇವೆರಡನ್ನು ಬೇರೆ ಮಾಡಲಾಗದು. ನಾಲ್ಕನೆಯದೊಂದು ಬೇಕು. ಸಮುದ್ರ, ಹಡಗು, ಬೊಂಬೆಯಾಟದ ಕುಟುಂಬ ನೆನಪಿದ್ದರೆ ಅದು ಮಾರ್ಕೊ. ಹಿಮದ ರಾತ್ರಿ, ತೋಳಗಳು, ಸತ್ತುಹೋದ ನಾಯಿಗಳು ನೆನಪಿದ್ದರೆ ಅದು ರೆಮಿ. ಆ ಹಿಮದ ರಾತ್ರಿಯನ್ನು ಚಿಕ್ಕಂದಿನಲ್ಲಿ ನೋಡಿದವರು ಮರೆಯುವುದು ಕಷ್ಟ.

ಇಲ್ಲಿ ಇನ್ನೊಂದು ತಿರುವಿದೆ. 'ರೆಮಿ ಹುಡುಗನಲ್ಲ, ಹುಡುಗಿ' ಎಂದು ಯಾರಾದರೂ ಹಟ ಹಿಡಿದರೆ ಅವರ ನೆನಪು ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. 1996ರಲ್ಲಿ ನಿಪ್ಪಾನ್ ಆನಿಮೇಷನ್ ಇದೇ ಕಥೆಯನ್ನು ಮತ್ತೆ ತೆಗೆದಾಗ ರೆಮಿಯನ್ನು ಹುಡುಗಿಯಾಗಿಸಿತು. ಎರಡಕ್ಕೂ ಮೂಲ ಫ್ರೆಂಚ್ ಲೇಖಕ ಹೆಕ್ಟರ್ ಮಾಲೊ ಅವರ ಒಂದೇ ಕಾದಂಬರಿ. ಅವರದೇ ಇನ್ನೊಂದು ಕಾದಂಬರಿಯಿಂದ 1978ರ 'ಪೆರಿನ್' ಬಂತು. ಅದರಲ್ಲಿ ಹುಡುಗಿ, ಅಮ್ಮ, ಕತ್ತೆ ಎಳೆಯುವ ಗಾಡಿ, ಒಂದು ನಾಯಿ. ಅಜ್ಜ ಮತ್ತು ಮೇಕೆಗಳಿದ್ದರೆ 1974ರ 'ಹೈಡಿ'. ಹಾಲಿನ ಗಾಡಿ ಎಳೆಯುವ ನಾಯಿ, ಚಿತ್ರ ಬರೆಯುವ ಬಡ ಹುಡುಗ ಇದ್ದರೆ 1975ರ 'ಎ ಡಾಗ್ ಆಫ್ ಫ್ಲಾಂಡರ್ಸ್'. ಯುರೋಪಿನ ಹಳ್ಳಿ, ಬಡ ಮಗು, ಒಂದು ಪ್ರಾಣಿ ಎಂದಷ್ಟೇ ಹೇಳಿದರೆ ಆ ಕಾಲದ ಜಪಾನಿ ಟಿವಿಯ ಅರ್ಧ ಪಟ್ಟಿಯೇ ಎದುರಿಗೆ ಬಂದು ನಿಲ್ಲುತ್ತದೆ.

ಕತ್ತರಿಸಿ ಹೊಲಿದ ಕಥೆಗಳು

ಕಥೆ ಬಹುಮಟ್ಟಿಗೆ ಉಳಿಯುತ್ತದೆ ಎಂಬ ಮಾತಿಗೆ ಅಪವಾದಗಳೂ ಇವೆ. ಅವುಗಳಲ್ಲಿ ದೊಡ್ಡದು ಅಮೆರಿಕದಲ್ಲಿ 1985ರಲ್ಲಿ ಪ್ರಸಾರವಾದ 'ರೋಬೋಟೆಕ್'. ಒಂದಕ್ಕೊಂದು ಸಂಬಂಧವೇ ಇಲ್ಲದ 'ಮ್ಯಾಕ್ರಾಸ್', 'ಸದರ್ನ್ ಕ್ರಾಸ್', 'ಮಾಸ್ಪೀಡಾ' ಎಂಬ ಮೂರು ಜಪಾನಿ ಧಾರಾವಾಹಿಗಳನ್ನು ಸೇರಿಸಿ, ಸಂಭಾಷಣೆ ಬದಲಿಸಿ, ಮೂರು ತಲೆಮಾರುಗಳ ಒಂದೇ ಕಥೆಯಂತೆ 85 ಕಂತುಗಳಲ್ಲಿ ತೋರಿಸಲಾಯಿತು. ಇದನ್ನು ನೋಡಿದವರು ಜಪಾನಿ ಪಟ್ಟಿಯಲ್ಲಿ ಒಂದು ಧಾರಾವಾಹಿಯನ್ನು ಹುಡುಕಿದರೆ ಸಿಗುವುದು ಮೂರನೆಯ ಒಂದು ಭಾಗ ಮಾತ್ರ.

1972ರ 'ಗಾಚಮಾನ್' ಅಮೆರಿಕಕ್ಕೆ 1978ರಲ್ಲಿ 'ಬ್ಯಾಟಲ್ ಆಫ್ ದಿ ಪ್ಲಾನೆಟ್ಸ್' ಆಗಿ ಹೋದಾಗ 105 ಕಂತುಗಳಲ್ಲಿ 85 ಮಾತ್ರ ಉಳಿದವು. ಹಿಂಸೆಯ ದೃಶ್ಯಗಳಿಗೆ ಕತ್ತರಿ ಬಿತ್ತು, ಆ ಜಾಗ ತುಂಬಲು ಮೂಲದಲ್ಲಿ ಇಲ್ಲದ ಒಂದು ರೋಬೋ ಪಾತ್ರವನ್ನೇ ಹೊಸದಾಗಿ ಬರೆಯಲಾಯಿತು. ಹಾಗಾಗಿ ಆ ರೋಬೋ ನೆನಪಿದ್ದವರು ನೋಡಿದ್ದು ಯಾವ ಆವೃತ್ತಿ ಎಂಬುದು ಕೂಡಲೇ ಗೊತ್ತಾಗುತ್ತದೆ. 'ಗ್ರೆಂಡೈಸರ್' ಫ್ರಾನ್ಸಿನಲ್ಲಿ 'ಗೋಲ್ಡೊರಾಕ್' ಆಗಿತ್ತು. ಹುಡುಕುವಾಗ ಯಾವ ದೇಶದಲ್ಲಿ, ಯಾವ ಭಾಷೆಯಲ್ಲಿ ನೋಡಿದ್ದು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ಕಾಲ ಅಂದಾಜು ಮಾಡುವುದು

ಯಾವ ವರ್ಷ ನೋಡಿದ್ದು ಎಂಬುದು ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಜಪಾನಿನಲ್ಲಿ ಬಂದು ಹತ್ತು ವರ್ಷವಾದ ಮೇಲೆ ಬೇರೆ ದೇಶದ ಚಾನೆಲ್‌ಗಳು ಅದನ್ನು ಹಾಕುವುದು ಮಾಮೂಲಿ. ಚಿತ್ರದ ಗುಣವನ್ನು ನೋಡಿದರೆ ಹೆಚ್ಚು ತಿಳಿಯುತ್ತದೆ.

ತೊಂಬತ್ತರ ದಶಕದ ಕೊನೆಯವರೆಗೂ ಅನಿಮೆಗಳನ್ನು ಪಾರದರ್ಶಕ ಹಾಳೆಗಳ ಮೇಲೆ ಬಣ್ಣ ಹಚ್ಚಿ, ಒಂದೊಂದೇ ಚಿತ್ರವನ್ನು ಫಿಲ್ಮಿನಲ್ಲಿ ಸೆರೆಹಿಡಿದು ತಯಾರಿಸುತ್ತಿದ್ದರು. ಅವುಗಳಲ್ಲಿ ಧೂಳಿನ ಚುಕ್ಕೆ, ಸಣ್ಣ ಗೀರು, ಅಲ್ಲಲ್ಲಿ ಬಣ್ಣದ ವ್ಯತ್ಯಾಸ ಕಾಣುತ್ತದೆ. ಅಲುಗಾಡಲಿರುವ ವಸ್ತು ಹಿನ್ನೆಲೆಗಿಂತ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಬಾಗಿಲು ತೆರೆಯುವ ಮೊದಲೇ 'ಇದು ತೆರೆಯುತ್ತದೆ' ಎಂದು ಮಕ್ಕಳಿಗೆ ಗೊತ್ತಾಗುತ್ತಿದ್ದದ್ದು ಹಾಗೆ! 2000ದ ದಶಕದ ಹೊತ್ತಿಗೆ ಬಹುತೇಕ ಸ್ಟುಡಿಯೊಗಳು ಕಂಪ್ಯೂಟರಿನಲ್ಲಿ ಬಣ್ಣ ತುಂಬತೊಡಗಿದವು, ಅಂಚುಗಳು ಚೊಕ್ಕವಾದವು. ಚೌಕಾಕಾರಕ್ಕೆ ಹತ್ತಿರದ ಹಳೆಯ ಟಿವಿ ಪರದೆಯ ಅಳತೆಯೂ ಒಂದು ಸುಳಿವು.

ನೋಡಿದ್ದು ಅನಿಮೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಬೇಕು. ಜರ್ಮನಿಯದ್ದೆಂದು ಹಲವರು ತಿಳಿದಿರುವ 'ಮಾಯಾ ದಿ ಬೀ' 1975ರ ಜಪಾನಿ ಧಾರಾವಾಹಿ. ಇತ್ತ 1985ರ 'ಥಂಡರ್‌ಕ್ಯಾಟ್ಸ್' ಅಮೆರಿಕದ್ದು, ಅದರ ಚಿತ್ರಗಳನ್ನು ಬರೆದದ್ದು ಜಪಾನಿನಲ್ಲಿ.

ಹುಡುಕುವ ಸಾಧನಗಳು

ಒಂದು ದೃಶ್ಯದ ಸ್ಕ್ರೀನ್‌ಶಾಟ್ ಇದ್ದರೆ ಅರ್ಧ ಕೆಲಸ ಮುಗಿದಂತೆ. 'ಟ್ರೇಸ್ ಡಾಟ್ ಮೋ' ಎಂಬ ಉಚಿತ ತಾಣ ಅಂಥ ಚಿತ್ರವನ್ನು ಹೋಲಿಸಿ ನೋಡಿ ಯಾವ ಅನಿಮೆ, ಎಷ್ಟನೇ ಕಂತು, ಯಾವ ನಿಮಿಷ ಎಂದು ತೋರಿಸುತ್ತದೆ. ಆದರೆ ನೆನಪಿನಿಂದ ಬರೆದ ಚಿತ್ರವನ್ನು ಅದಕ್ಕೆ ಕೊಟ್ಟರೆ ಪ್ರಯೋಜನವಿಲ್ಲ.

ಸ್ಕ್ರೀನ್‌ಶಾಟ್ ಇಲ್ಲದವರಿಗೆ ಅನಿಡಿಬಿ, ಮೈಅನಿಮೆಲಿಸ್ಟ್‌ನಂಥ ಮಾಹಿತಿಕೋಶಗಳಿವೆ. ದಶಕ, ವಸ್ತು, ಕಂತುಗಳ ಸಂಖ್ಯೆ ಕೊಟ್ಟು ಪಟ್ಟಿಯನ್ನು ಸೋಸಬಹುದು. ಹಳೆಯ ವಿಸಿಆರ್ ಟೇಪ್ ಮನೆಯಲ್ಲಿ ಉಳಿದಿದ್ದರೆ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿ ಚಿನ್ನದಂಥದ್ದು. ಅದರಲ್ಲಿ ಜಪಾನಿ ಲಿಪಿ ಕಂಡರೆ ಮೊಬೈಲ್ ಕ್ಯಾಮೆರಾದ ಅನುವಾದ ಸೌಲಭ್ಯ ಓದಿ ಹೇಳುತ್ತದೆ.

ಇವೆಲ್ಲಕ್ಕೂ ಮೊದಲು ಒಂದು ಕೆಲಸವಿದೆ. ನೆನಪಿರುವುದನ್ನು ಯಾವ ಪಟ್ಟಿಯನ್ನೂ ನೋಡದೆ ಕಾಗದದ ಮೇಲೆ ಬರೆದಿಡುವುದು. ಖಚಿತವಾದದ್ದು ಒಂದು ಕಡೆ, 'ಇರಬಹುದು' ಎನ್ನುವುದು ಇನ್ನೊಂದು ಕಡೆ. ನಾಲ್ಕು ಧಾರಾವಾಹಿಗಳ ಚಿತ್ರ ನೋಡಿದ ಮೇಲೆ ಯಾವುದು ತನ್ನ ನೆನಪು, ಯಾವುದು ಈಗ ನೋಡಿದ್ದು ಎಂದು ಬೇರ್ಪಡಿಸುವುದು ಸುಲಭವಲ್ಲ. ಬೇರೆಯವರ ವರ್ಣನೆ ಕೇಳಿದರೂ ಅಷ್ಟೆ. 'ಸಾಕಿ ಸನೊಬಾಶಿ' ಎಂಬ ಕಳೆದುಹೋದ ಅನಿಮೆಯ ವರ್ಣನೆ 2015ರಲ್ಲಿ ಅಂತರ್ಜಾಲದಲ್ಲಿ ಹರಡಿತು. ತಾವೂ ಅದನ್ನು ನೋಡಿದ್ದೇವೆ ಎಂದವರೂ ಇದ್ದರು. ಎಷ್ಟು ಹುಡುಕಿದರೂ ಒಂದೇ ಒಂದು ಚಿತ್ರ ಸಿಗಲಿಲ್ಲ, ಅದು ಕಟ್ಟುಕಥೆ ಎಂದೇ ಈಗ ಪರಿಗಣಿತವಾಗಿದೆ.

ಪತ್ತೆಯಾದರೂ ಸಿಗದ ಧಾರಾವಾಹಿ

ಹೆಸರು ಗೊತ್ತಾದ ಕೂಡಲೇ ನೋಡಲು ಸಿಗುತ್ತದೆ ಎಂದೇನೂ ಇಲ್ಲ. ಯುರೋಪ್, ಲ್ಯಾಟಿನ್ ಅಮೆರಿಕದಲ್ಲಿ ಒಂದು ತಲೆಮಾರೇ ಕೂತು ನೋಡಿದ 'ಕ್ಯಾಂಡಿ ಕ್ಯಾಂಡಿ' ಇದಕ್ಕೆ ಸಾಕ್ಷಿ. 1976ರಿಂದ 1979ರವರೆಗೆ 115 ಕಂತುಗಳಲ್ಲಿ ಬಂದ ಇದನ್ನು ಗುರುತಿಸುವುದು ಕಷ್ಟವೇ ಅಲ್ಲ. ಹೊಂಬಣ್ಣದ ಎರಡು ಜುಟ್ಟು, ಅನಾಥಾಶ್ರಮ ಎಂದರೆ ಸಾಕು. ಆದರೆ ಕಥೆ ಬರೆದ ಕ್ಯೋಕೊ ಮಿಜುಕಿ ಮತ್ತು ಚಿತ್ರ ಬರೆದ ಯುಮಿಕೊ ಇಗರಾಶಿ ನಡುವೆ ಹಕ್ಕಿನ ವ್ಯಾಜ್ಯ ಹುಟ್ಟಿತು. ಚಿತ್ರಗಳ ಮೇಲೂ ಕಥೆಗಾರ್ತಿಗೆ ಹಕ್ಕಿದೆ ಎಂದು ಜಪಾನಿನ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ಕೊಟ್ಟ ಮೇಲೂ ಇಬ್ಬರ ನಡುವೆ ಒಮ್ಮತ ಮೂಡಲಿಲ್ಲ, ಧಾರಾವಾಹಿಯ ಅಧಿಕೃತ ಮರುಬಿಡುಗಡೆಗೆ ದಾರಿಯೂ ತೆರೆಯಲಿಲ್ಲ. ಅಭಿಮಾನಿಗಳು ಇಂದಿಗೂ ಕೈಯಿಂದ ಕೈಗೆ ದಾಟಿಸುತ್ತಿರುವುದು ಹಳೆಯ ಪ್ರತಿಗಳನ್ನು.