ಬೆಳಗಾವಿಯ ಕೆಂಪು ಕೆಸರು: ಕಬ್ಬಿಣದ ಅದಿರಾಗಬಲ್ಲದೇ?

ಬಾಕ್ಸೈಟನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಒಂದು ಟನ್ ಅಲ್ಯುಮಿನಾ ತೆಗೆದರೆ ಒಂದರಿಂದ ಒಂದೂವರೆ ಟನ್ ಕೆಂಪು ಕೆಸರು ಉಳಿಯುತ್ತದೆ. ಅದರ ಬಣ್ಣ ಕಬ್ಬಿಣದ ಆಕ್ಸೈಡಿನದು ಎಂಬಲ್ಲಿ ತಕರಾರಿಲ್ಲ. 2010ರ ಅಕ್ಟೋಬರ್ 4ರಂದು ಹಂಗೇರಿಯ ಆಯ್ಕಾದಲ್ಲಿ ಕೆಸರಿನ ಕಟ್ಟೆಯೊಡೆದು ಹತ್ತು ಜನ ಸತ್ತ ಮೇಲೆ, ಇದನ್ನು ಗುಡ್ಡೆ ಹಾಕಿ ಮರೆಯುವಂತಿಲ್ಲ ಎಂಬುದೂ ಸರ್ವಸಮ್ಮತ. ಚರ್ಚೆಗೆ ಎಡೆಯಿರುವುದು 2024ರ ಜನವರಿಯಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಜೊವಿಚೆವಿಚ್-ಕ್ಲುಗ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಿಂದ ಹೊರಟ ಒಂದು ಲೆಕ್ಕದಲ್ಲಿ. ಶೇ. 10ರಷ್ಟು ಹೈಡ್ರೋಜನ್ ಬೆರೆತ ಪ್ಲಾಸ್ಮಾದಲ್ಲಿ ಕೆಸರನ್ನು ಕರಗಿಸಿ ಹತ್ತೇ ನಿಮಿಷದಲ್ಲಿ ಅವರು ಕಬ್ಬಿಣ ಪಡೆದರು. ಕೆಸರಿನಲ್ಲಿ ಶೇ. 50ರಷ್ಟು ಕಬ್ಬಿಣದ ಆಕ್ಸೈಡ್ ಇದ್ದರೆ ವಿಧಾನ ಗಿಟ್ಟುತ್ತದೆ, ಕೆಸರನ್ನು ಕಾಪಿಡುವ ಖರ್ಚನ್ನೂ ಲೆಕ್ಕಕ್ಕೆ ಹಿಡಿದರೆ ಶೇ. 35 ಸಾಕು ಎಂಬುದು ಅವರ ನಿಲುವು. ಈ ಎರಡನೆಯ ಅಂಕಿ ಬೆಳಗಾವಿಗೆ ಒಪ್ಪುವುದಿಲ್ಲವೆಂದು ನನ್ನ ವಾದ.

ಇಂಡಾಲ್ ಕಟ್ಟಿ ಈಗ ಹಿಂಡಾಲ್ಕೊ ನಡೆಸುತ್ತಿರುವ ಬೆಳಗಾವಿ ಕಾರ್ಖಾನೆಯ ಕೆಸರಿನಲ್ಲಿ, ಪ್ರಕಟಿತ ವಿಶ್ಲೇಷಣೆಗಳ ಪ್ರಕಾರ, ಕಬ್ಬಿಣದ ಆಕ್ಸೈಡ್ ಸುಮಾರು ಶೇ. 44, ಅಲ್ಯುಮಿನಾ ಶೇ. 19, ಟೈಟಾನಿಯಂ ಡೈಆಕ್ಸೈಡ್ ಶೇ. 13, ಸೋಡಾ ಶೇ. 4ರಷ್ಟಿದೆ. ಶೇ. 35ರ ಮಿತಿಯನ್ನು ಇದು ಸಲೀಸಾಗಿ ದಾಟುತ್ತದೆ. ಆದರೆ ಆ ಮಿತಿ ನಿಂತಿರುವುದು ಉಳಿತಾಯವಾಗುವ ಕಾಪಿಡುವ ಖರ್ಚಿನ ಮೇಲೆ. ಹಿಂಡಾಲ್ಕೊ 2020ರಲ್ಲಿ ಅಲ್ಟ್ರಾಟೆಕ್‌ನ 14 ಸಿಮೆಂಟ್ ಕಾರ್ಖಾನೆಗಳಿಗೆ ವರ್ಷಕ್ಕೆ 12 ಲಕ್ಷ ಟನ್ ಕೆಸರು ಕೊಡುವ ಒಪ್ಪಂದ ಮಾಡಿಕೊಂಡಿತು. ಹೀಗೆ ಕೊಳ್ಳುವವರು ಇರುವ ಕಡೆ ಕಾಪಿಡುವ ಖರ್ಚು ಇಳಿಯುತ್ತದೆ, ಮಿತಿ ಮತ್ತೆ ಶೇ. 50ರತ್ತ ಏರುತ್ತದೆ, ಬೆಳಗಾವಿಯ ಕೆಸರಿಗೆ ಅದು ಎಟುಕುವುದಿಲ್ಲ. ಸಾಲದ್ದಕ್ಕೆ ಶೇ. 44 ಆಕ್ಸೈಡೆಂದರೆ ಲೋಹರೂಪದ ಕಬ್ಬಿಣ ಶೇ. 31 ಮಾತ್ರ. ನಮ್ಮ ಗಣಿ ನಿಯಮಗಳು ಹೆಮಟೈಟ್ ಅದಿರನ್ನು ಎಣಿಕೆಗೆ ತೆಗೆದುಕೊಳ್ಳುವುದೇ ಶೇ. 45 ಕಬ್ಬಿಣದಿಂದ. ಸಂಡೂರಿನ ಅದಿರು ಇದೇ ರಾಜ್ಯದಲ್ಲಿರುವಾಗ, ಹಿಟ್ಟಿಗಿಂತ ನುಣ್ಣಗಿನ, ಒಣಗಿದರೆ ಮೈಮೇಲೆ ಬಿಳಿ ಸೋಡಾ ಉಕ್ಕುವ, ಕುಲುಮೆಯ ಇಟ್ಟಿಗೆಯನ್ನು ಆ ಸೋಡಾದಿಂದಲೇ ತಿನ್ನುವ ಈ ಸರಕನ್ನು ಕಬ್ಬಿಣಕ್ಕಾಗಿಯೇ ಯಾರು ಕರಗಿಸಿಯಾರು?

ಕಬ್ಬಿಣ ತೆಗೆದ ಮೇಲೆ ಏನುಳಿಯುತ್ತದೆ ಎಂದು ಕೇಳಿದರೆ ಲೆಕ್ಕ ಬೇರೆಯಾಗುತ್ತದೆ. ನೂರು ಕಿಲೋ ಕೆಸರಿನಿಂದ 44 ಕಿಲೋ ಆಕ್ಸೈಡನ್ನೂ ಸುಮಾರು 10 ಕಿಲೋ ಬಂಧಿತ ನೀರನ್ನೂ ಕಳೆದರೆ ಉಳಿಯುವ ಕಿಟ್ಟದಲ್ಲಿ ಅಲ್ಯುಮಿನಾ ಶೇ. 40ರ ಆಸುಪಾಸು, ಟೈಟಾನಿಯಂ ಡೈಆಕ್ಸೈಡ್ ಶೇ. 28. ನಾರ್ವೆಯ ಹೋಯಾಂಗರಿನಲ್ಲಿ 1928ರಿಂದ 1969ರವರೆಗೆ ಪೆಡರ್ಸನ್ ವಿಧಾನ ನಡೆದದ್ದು ಇದೇ ತತ್ತ್ವದ ಮೇಲೆ: ಬಾಕ್ಸೈಟನ್ನು ಸುಣ್ಣದೊಡನೆ ಕರಗಿಸಿ ಕಬ್ಬಿಣ ಬೇರ್ಪಡಿಸುವುದು, ಕಿಟ್ಟವನ್ನು ಸೋಡಿಯಂ ಕಾರ್ಬೊನೇಟಿನಲ್ಲಿ ನೆನೆಸಿ ಅಲ್ಯುಮಿನಾ ಪಡೆಯುವುದು. ಆದ್ದರಿಂದ ಬೆಳಗಾವಿಯಲ್ಲಿ ಕಬ್ಬಿಣ ಉಪ ಉತ್ಪನ್ನವಾಗಿ, ಕಳೆದುಹೋದ ಅಲ್ಯುಮಿನಾ ಮುಖ್ಯ ಫಲವಾಗಿ ಬಂದರೆ ಮಾತ್ರ ಈ ಉದ್ಯಮ ನಿಲ್ಲಬಹುದು ಎನ್ನುತ್ತೇನೆ. ಅಲ್ಯುಮಿನಾ ಕಾರ್ಖಾನೆ ಪಕ್ಕದಲ್ಲೇ ಇರುವುದರಿಂದ ಹೀಗೆ ಹೇಳಲು ಧೈರ್ಯ; ಬೇರೆಡೆಯ ಕೆಸರಿಗೆ ಇದೇ ಮಾತು ಹೊಂದೀತೆಂದು ಹೇಳಲಾರೆ. ಇಷ್ಟಕ್ಕೂ ನನ್ನ ಶೇಕಡಾವಾರು ಸುಣ್ಣ ಸೇರುವ ಮುಂಚಿನದು, ಸೇರಿದ ಮೇಲೆ ಎರಡೂ ಇಳಿಯುತ್ತವೆ. ಸುಣ್ಣದ ಒಂದು ಪಾಲನ್ನು ಟೈಟಾನಿಯಂ ಹಿಡಿದಿಟ್ಟುಕೊಳ್ಳುತ್ತದೆ. ಟೈಟಾನಿಯಂ ಡೈಆಕ್ಸೈಡ್ ಒಂದನ್ನೇ ನೆಚ್ಚಿದರೆ, ಶೇ. 55ಕ್ಕೂ ಮಿಗಿಲಾಗಿ ಅದನ್ನು ಹೊತ್ತ ಕೇರಳದ ಚವರದ ಇಲ್ಮನೈಟ್ ಮರಳಿನೆದುರು ಈ ಕಿಟ್ಟ ಸೋಲುವುದು ಖಚಿತ.

ಕಬ್ಬಿಣವನ್ನು ಬಾಕ್ಸೈಟಿನ ಹಂತದಲ್ಲೇ ತೆಗೆದರಾಗದೇ ಎಂಬ ಆಕ್ಷೇಪ ಬರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎ. ನಟರಾಜನ್ ಮತ್ತು ಸಂಗಡಿಗರು 1990ರ ದಶಕದಲ್ಲೇ ಬ್ಯಾಸಿಲಸ್ ಪಾಲಿಮಿಕ್ಸಾ ಎಂಬ ಬ್ಯಾಕ್ಟೀರಿಯಾದಿಂದ ಬಾಕ್ಸೈಟಿನ ಸುಣ್ಣವನ್ನೂ ಒಂದಷ್ಟು ಕಬ್ಬಿಣವನ್ನೂ ಕರಗಿಸಿ ತೋರಿಸಿದ್ದಾರೆ. ಆದರೆ ಅಲ್ಲಿಯ ಗುರಿ ಬಾಕ್ಸೈಟಿನ ಶುದ್ಧಿ. ಕಬ್ಬಿಣ ದ್ರಾವಣಕ್ಕೆ ಹೋಗುತ್ತದೆ, ಲೋಹವಾಗಿ ಕೈಗೆ ಬರುವುದಿಲ್ಲ. ಸಿಮೆಂಟೇ ಸಾಕೆಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ, ಏಕೆಂದರೆ ಅದು ಈಗಲೇ ನಡೆಯುತ್ತಿರುವ ಕೆಲಸ. ಆದರೆ ಸಿಮೆಂಟಿಗೆ ಮುಖ್ಯವಾಗಿ ಬೇಕಾದದ್ದು ಕಬ್ಬಿಣ. ಗೂಡಿನೊಳಗೆ ಹೋದ ಟೈಟಾನಿಯಂ ಎಂದಿಗೂ ಮರಳುವುದಿಲ್ಲ. ಹಳೆಯ ಗುಡ್ಡೆಗಳ ಮಟ್ಟಿಗಾದರೂ ಅಲ್ಯುಮಿನಾವನ್ನು ಮುಖ್ಯ ಫಲವಾಗಿ ಪಡೆಯುವ ದಾರಿಯನ್ನು ತೂಗಿ ನೋಡಬೇಕು. ಅದಕ್ಕೆ ಮುನ್ನ ತೀರ್ಮಾನವಾಗಬೇಕಾದ ಸಂಗತಿಗಳು ಎರಡು: ಕರಗಿಸುವಾಗ ಆವಿಯಾಗುವ ಸೋಡಾದಲ್ಲಿ ಎಷ್ಟನ್ನು ಹಿಡಿದು ಮತ್ತೆ ಬಳಸಬಹುದು, ಮತ್ತು ಸುಣ್ಣ ಕೂಡಿಕೊಂಡ ಟೈಟಾನಿಯಂ ಆಮ್ಲಕ್ಕೆ ಎಷ್ಟರಮಟ್ಟಿಗೆ ಬಗ್ಗುತ್ತದೆ.